ಅಚ್ಚಾದ ಪದಕ್ಕಷ್ಟೇ ದುಡ್ಡು

ನಾನು ಅವನನ್ನು ಮೊದಲ ಸಲ ನೋಡಿದಾಗ ಅವನು ನನ್ನ ‘ಸುಮ್ಮನೆ’ಯನ್ನು ಹೊಡೆದುಹಾಕುತ್ತಿದ್ದ.

‘ಅವಳು ಸುಮ್ಮನೆ ಕಿಟಕಿಯ ಬಳಿ ನಿಂತಿದ್ದಳು’ ಎಂದು ಬರೆದಿದ್ದೆ. ವಾರಪತ್ರಿಕೆಯ ಸಂಪಾದಕ ಎಂದರೆ ನರೆತ ಕೂದಲಿನ ಯಾರೋ ಇರುತ್ತಾರೆ ಎಂದುಕೊಂಡು ಹೋದವಳು ನಾನು. ಇವನು ಅಂಗಿಯ ತೋಳು ಮಡಚಿಕೊಂಡು, ಕನ್ನಡಕವನ್ನು ಹಣೆಗೆ ಏರಿಸಿಕೊಂಡು, ಕೆಂಪು ಪೆನ್ನಿನಲ್ಲಿ ಆ ಪದದ ಮೇಲೆ ನಿಧಾನವಾಗಿ ಗೆರೆ ಎಳೆಯುತ್ತಿದ್ದ.

“ಸರ್, ಅದನ್ನ ಯಾಕೆ ತೆಗೆದ್ರಿ?”

“ನಿಂತಿದ್ದಳು ಅಂದ್ರೆ ಸಾಕಲ್ಲ ಮೇಡಂ. ಸುಮ್ಮನೆ ಯಾಕೆ?”

“ಕೆಲಸ ಇದ್ದು ನಿಂತೋರು ಬೇರೆ ಸರ್, ಸುಮ್ಮನೆ ನಿಂತೋರು ಬೇರೆ.”

ಅವನು ತಲೆ ಎತ್ತಿದ. ಕನ್ನಡಕ ಕೆಳಗಿಳಿಸಿ ನೋಡಿದ, ಮತ್ತೆ ಮೇಲೇರಿಸಿ ನೋಡಿದ. ಪೆನ್ನಿಗೆ ಮುಚ್ಚಳ ಹಾಕದೆ ಜೇಬಿಗಿಟ್ಟುಕೊಂಡ. ಬಿಳಿ ಅಂಗಿಯ ಮೇಲೆ ಒಂದು ಕೆಂಪು ಚುಕ್ಕೆ ಹರಡಿತು.

“ಸರಿ, ಇರಲಿ ನಿಮ್ಮ ಸುಮ್ಮನೆ,” ಎಂದು ಅದೇ ಪೆನ್ನನ್ನು ಮತ್ತೆ ತೆಗೆದು, ಹೊಡೆದ ಪದದ ಕೆಳಗೆ ಚುಕ್ಕೆಗಳನ್ನಿಟ್ಟ. ಹೊಡೆದದ್ದನ್ನು ಬದುಕಿಸಬೇಕಾದರೆ ಹಾಗೆ ಚುಕ್ಕೆ ಇಡುತ್ತಾರಂತೆ. ನನಗೆ ಅದು ಗೊತ್ತಿರಲಿಲ್ಲ. ಆ ಚುಕ್ಕೆಗಳನ್ನೇ ನೋಡುತ್ತ ಕುಳಿತೆ.

ಪದದ ಮೇಲಿನ ಪ್ರೀತಿಗೆ ಜಗಳವಾಡಿದೆ ಎಂದು ತಿಳಿಯಬೇಡಿ. ಹೊಟ್ಟೆಪಾಡಿಗೆ ಆಡಿದೆ. ಆ ಪತ್ರಿಕೆಗೆ ಹೊರಗಿನಿಂದ ಬರೆಯುವವರಲ್ಲಿ ಎರಡು ಪಂಗಡ. ಒಂದು ಫಿಕ್ಸೆಡ್‌ನವರು: ಅವರು ಮನೆಯಿಂದ ಮೇಲ್ ಮಾಡುತ್ತಾರೆ, ಎಷ್ಟು ಕತ್ತರಿಸಿದರೂ ಲೇಖನಕ್ಕಿಷ್ಟು ಎಂದು ದುಡ್ಡು ಬ್ಯಾಂಕಿಗೆ ಬೀಳುತ್ತದೆ. ಇನ್ನೊಂದು ನಾವು, ಪದದವರು. ಪ್ರತಿ ಗುರುವಾರ ಖುದ್ದಾಗಿ ಬಂದು, ಸಂಪಾದಕರ ಎದುರು ಕುಳಿತು, ಅವರು ಕತ್ತರಿಸುವುದನ್ನು ಕಣ್ಣಾರೆ ನೋಡಿ, ಉಳಿದ ಪದಗಳ ಲೆಕ್ಕಕ್ಕೆ ಸಹಿ ಹಾಕಬೇಕು. ಅಚ್ಚಾದ ಪದಕ್ಕಷ್ಟೇ ದುಡ್ಡು. ಅವನು ಒಂದು ಪ್ಯಾರಾ ಹಾರಿಸಿದರೆ ನಮ್ಮ ಮನೆಯ ತರಕಾರಿ ಹಾರುತ್ತಿತ್ತು. ಇಷ್ಟಕ್ಕೆ ‘ಗೌರವಧನ’ ಎಂದು ಹೆಸರು. ಗೌರವವನ್ನು ಅವರೇ ಇಟ್ಟುಕೊಂಡು ಧನವನ್ನು ಸರಿಯಾಗಿ ಕೊಟ್ಟಿದ್ದರೆ ನನ್ನದೇನೂ ತಕರಾರಿರಲಿಲ್ಲ.

ಪದದವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಕತ್ತರಿ ಎಂದು. ಅವನು ನನಗೆ ಇಟ್ಟ ಹೆಸರು ಜಗಳಗಂಟಿ.

“ಬಂದ್ರಾ ಜಗಳಗಂಟಿ? ಇವತ್ತು ಎಷ್ಟು ಪದಕ್ಕೆ ಯುದ್ಧ?”

“ನೀವು ಎಷ್ಟು ಕೊಲ್ತೀರೋ ಅಷ್ಟಕ್ಕೆ.”

ಗುರುವಾರಗಳು ಹೀಗೆ ಚಂದವಾದವು. ಅವನು ಪೆನ್ನನ್ನು ಪದದ ಮೇಲೆ ತಂದು ನಿಲ್ಲಿಸಿ, ಗೆರೆ ಎಳೆಯದೆ, ಕನ್ನಡಕದ ಮೇಲಿನಿಂದ ನನ್ನ ಮುಖ ನೋಡುತ್ತಿದ್ದ. ನಾನು ಹುಬ್ಬು ಗಂಟಿಕ್ಕಿದರೆ ಪೆನ್ನು ಒಂದಂಗುಲ ಹಿಂದೆ ಸರಿಯುತ್ತಿತ್ತು. ನಕ್ಕರೆ ಮುಂದೆ ಬರುತ್ತಿತ್ತು. ಅವನ ಚಹಾ ಕಪ್ಪು ಮೇಜಿನ ಮೇಲೆ ಸ್ವಲ್ಪ ಸ್ವಲ್ಪವೇ ಜರುಗಿ ನನ್ನ ಕಡೆಗೆ ಬರುತ್ತಿತ್ತು. ಯಾರು ಜರುಗಿಸಿದರೆಂದು ಇಬ್ಬರೂ ಕೇಳುತ್ತಿರಲಿಲ್ಲ.

ಗುರುವಾರಕ್ಕೆಂದೇ ಒಂದು ನೀಲಿ ಅಂಗಿ ಎತ್ತಿಟ್ಟೆ. ಜಗಳ ಬೇಗ ಮುಗಿಯದಿರಲಿ ಎಂದು ಲೇಖನದಲ್ಲಿ ಬೇಕೆಂದೇ ನಾಲ್ಕು ಜಾಳು ಸಾಲು ಸೇರಿಸುತ್ತಿದ್ದೆ. ಅವನು ಹೊಡೆಯಲಿ, ನಾನು ಬಯ್ಯಲಿ ಎಂದು. ಕೂಲಿಯಿಲ್ಲದ ಕೆಲಸ ಅದು. ಸಂತೋಷವಾಗಿ ಮಾಡಿದೆ.

ಆದರೂ ಮನೆ ನಡೆಯಬೇಕಲ್ಲ. ಮೂರನೇ ಮಹಡಿಯ ಒಂದೇ ಕೋಣೆಯಲ್ಲಿ ನಾನು, ಅಮ್ಮ, ಅಮ್ಮನ ಹೊಲಿಗೆ ಮೆಷಿನ್. ಅಮ್ಮ ಹೊಲಿಯುವ ಸದ್ದಿಗೆ ನಾನು ಬರೆಯುತ್ತಿದ್ದೆ. ಅದು ನಿಂತರೆ ನನ್ನ ಪೆನ್ನೂ ನಿಲ್ಲುತ್ತಿತ್ತು. ಬಾಡಿಗೆ ಅವಳದು, ಊಟ ನನ್ನದು ಎಂದು ನಮ್ಮಲ್ಲಿ ಒಪ್ಪಂದ. ಅಮ್ಮನ ಬೆನ್ನು ಬಾಗುತ್ತಿತ್ತು. ಬಾಡಿಗೆಯೂ ನನ್ನದಾಗಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು. ಬಾಯಿಬಿಟ್ಟು ಕೇಳಿದೆ.

“ಸರ್, ನನ್ನನ್ನೂ ಫಿಕ್ಸೆಡ್‌ಗೆ ಹಾಕಿಸಿ. ಸಿನಿಮಾ ಬರೆಯೋರಿಗೆ ಕೊಡೋದು ನನ್ನ ಎರಡರಷ್ಟು. ಓದುಗರ ಪತ್ರ ಜಾಸ್ತಿ ಬರೋದು ನನಗೆ.”

ಅವನ ಮುಖ ಸಣ್ಣಗಾಯಿತು. “ನಾನೂ ಬಡ್ಕೋತಾನೇ ಇದೀನಿ. ಯಜಮಾನ್ರು ಕಿವಿಗೇ ಹಾಕ್ಕೊಳ್ಳಲ್ಲ.”

ಆಮೇಲೆ ಇನ್ನೊಮ್ಮೆ ಕೇಳಿದಾಗಲೂ ಅದೇ ಮುಖ, ಅದೇ ಮಾತು. ನನಗೇ ಅಯ್ಯೋ ಅನ್ನಿಸಿತು. “ಹೋಗ್ಲಿ ಬಿಡಿ, ನನಗೋಸ್ಕರ ಬೈಸ್ಕೋಬೇಡಿ,” ಎಂದು ಸಮಾಧಾನ ಹೇಳಿದೆ. ಹೌದು, ನಾನೇ ಅವನಿಗೆ ಸಮಾಧಾನ ಹೇಳಿದೆ.

ಅಷ್ಟರಲ್ಲಿ ಅಮ್ಮನ ಪಿತ್ತಕೋಶದಲ್ಲಿ ಕಲ್ಲು ಎಂದಾಯಿತು. ಆಪರೇಷನ್ ತಡಮಾಡುವ ಹಾಗಿರಲಿಲ್ಲ. ಕೈಯಲ್ಲಿದ್ದದ್ದೆಲ್ಲ ಸೇರಿಸಿದರೂ ಸಾಲದೆ, ಅಮ್ಮ ಹಾಸಿಗೆಯಲ್ಲಿ ಮಲಗಿದ್ದುಕೊಂಡೇ “ಮೆಷಿನ್ ಕೊಟ್ಬಿಡು” ಎಂದಳು.

ಗುರುವಾರ ನಾನು ಹೋಗಲಿಲ್ಲ. ಅವನೇ ವಿಚಾರಿಸಿಕೊಂಡು ಬಂದ. ಮೆಷಿನ್ ಕೊಳ್ಳುವವನು ಕೆಳಗೆ ಗಾಡಿ ನಿಲ್ಲಿಸಿಕೊಂಡಿದ್ದ. ನಮ್ಮ ಕತ್ತರಿಯೇ ಅಂಗಿಯ ತೋಳು ಮಡಚಿ, ಮೆಷಿನ್ನಿನ ಒಂದು ಬದಿ ಹಿಡಿದು, ಆ ಇಕ್ಕಟ್ಟಿನ ಮೆಟ್ಟಿಲುಗಳಲ್ಲಿ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಇಳಿಸಿದ. ತಿರುವಿನಲ್ಲಿ ಬೆರಳು ಗೋಡೆಗೆ ಸಿಕ್ಕಿ ರಕ್ತ ಬಂತು. ಮೇಲೆ ಬಂದು ಜೇಬಿನಿಂದ ಒಂದು ಲಕೋಟೆ ತೆಗೆದು, ನನ್ನ ಕೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮುಚ್ಚಿದ.

“ಇದೇನಿದು?”

“ಮೆಷಿನ್ ಮಾರಿದ್ಮೇಲೂ ಕಮ್ಮಿ ಬೀಳೋದು ಇಷ್ಟೇ ತಾನೆ? ಇಟ್ಕೋ.”

“ಸಾಲ ಅಂತಾದ್ರೆ ತಗೋತೀನಿ.”

“ನಿನ್ನಿಷ್ಟ, ಜಗಳಗಂಟಿ.”

ಅದೇ ಮೊದಲ ಸಲ ‘ನೀನು’ ಎಂದದ್ದು. ಅವನ ರಕ್ತದ ಬೆರಳಿಗೆ ಅಮ್ಮ ಕತ್ತರಿಸಿದ ಬಟ್ಟೆಯ ಚೂರು ಸುತ್ತುತ್ತ ನಾನೂ ‘ನೀನು’ ಎಂದೆ. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಅವನು ಹೋದ ಮೇಲೆ “ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ,” ಎಂದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ಪ್ರತಿ ಗುರುವಾರ ನನ್ನ ಪದಗಳ ದುಡ್ಡಿನಲ್ಲಿ ಒಂದು ಪಾಲನ್ನು ಅವನ ಮೇಜಿನ ಮೇಲೆ ಇಡುತ್ತಿದ್ದೆ. ಅವನು ಬೇಡವೆನ್ನುತ್ತಿದ್ದ, ನಾನು ಬಿಡುತ್ತಿರಲಿಲ್ಲ. ಅಮ್ಮ ಮನೆಯಲ್ಲಿ ಕೈಹೊಲಿಗೆ ಹಾಕುತ್ತ, ಮೆಷಿನ್ ಇದ್ದ ಮೂಲೆಯನ್ನು ನೋಡದೆ ಕೂರುವುದನ್ನು ಕಲಿತಳು. ಸದ್ದಿಲ್ಲದ ಆ ಕೋಣೆಯಲ್ಲಿ ಬರೆಯುವುದನ್ನು ನಾನೂ ಕಲಿತೆ. ಆ ವರ್ಷ ನಾನು ಬಡವಿಯಾಗಿದ್ದಷ್ಟು ಎಂದೂ ಇರಲಿಲ್ಲ, ಸುಖವಾಗಿದ್ದಷ್ಟೂ ಇರಲಿಲ್ಲ.

ಕೊನೆಯ ಕಂತಿನ ಗುರುವಾರ ನೀಲಿ ಅಂಗಿ ತೊಟ್ಟು ಹೋದೆ. ಎಲ್ಲರೂ ಊಟಕ್ಕೆ ಹೋಗಿದ್ದರು. ದುಡ್ಡನ್ನು ಮೇಜಿನ ಮೇಲಿಟ್ಟು, “ಮುಗೀತು ನಿನ್ನ ಋಣ,” ಎಂದೆ.

ಅವನು ಅದನ್ನು ಮುಟ್ಟಲಿಲ್ಲ. ಕನ್ನಡಕ ತೆಗೆದು ಮಡಚಿಟ್ಟ. “ಇದು ಬೇಡ. ನೀನು ಬಾ, ನಮ್ಮನೆಗೆ.”

ಹೂಂ ಎನ್ನಬೇಕಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಕೇಳಿ ಕೇಳಿ ಸುಖಪಡುವ ಆಸೆ ನೋಡಿ, ಆ ಒಂದು ಪೆದ್ದು ಪ್ರಶ್ನೆ ಕೇಳಿಬಿಟ್ಟೆ.

“ಯಾವಾಗಿಂದ?”

“ಸುಮ್ಮನೆಗೆ ಜಗಳ ಆಡಿದ್ಯಲ್ಲ, ಅವತ್ತಿಂದ.” ಅವನ ಕಣ್ಣು ಹೊಳೆಯಿತು. “ನಿನ್ನ ನೋಡೋಕೆ ಏನೇನು ನಾಟಕ ಆಡಿದೀನಿ ಗೊತ್ತಾ? ಯಜಮಾನ್ರು ಹೋದ ವರ್ಷಾನೇ ಕರೆದು, ಆ ಹುಡುಗಿ ಚೆನ್ನಾಗಿ ಬರೀತಾಳೆ, ಫಿಕ್ಸೆಡ್‌ಗೆ ಹಾಕಪ್ಪ ಅಂದ್ರು. ನಾನು, ಇನ್ನೂ ಸ್ವಲ್ಪ ಪಳಗಲಿ ಸರ್ ಅಂದ್ಬಿಟ್ಟೆ!”

ನಕ್ಕ. ಮಕ್ಕಳು ತಾವು ಬಚ್ಚಿಟ್ಟ ಮಿಠಾಯಿ ತೋರಿಸುವಾಗ ನಗುತ್ತಾರಲ್ಲ, ಹಾಗೆ.

“ಫಿಕ್ಸೆಡ್ ಆದ್ರೆ ನೀನು ಮನೆಯಿಂದಾನೇ ಮೇಲ್ ಮಾಡಿ ಕೂತ್ಕೋತಿದ್ದೆ. ಗುರುವಾರ ನಾನು ಯಾರ ಮುಖ ನೋಡ್ಲಿ?”

ನಾನು ನಾಚಬೇಕೆಂದು ಕಾಯುತ್ತಿದ್ದ. ಅವನು ಅಷ್ಟು ಚೆಲುವನಾಗಿ ನನಗೆ ಯಾವತ್ತೂ ಕಂಡಿರಲಿಲ್ಲ. ಅದನ್ನೂ ಹೇಳಬೇಕು, ಸುಳ್ಳೇಕೆ.

“ಹೋದ ವರ್ಷ ಅಂದ್ರೆ ಅಮ್ಮನ ಆಪರೇಷನ್‌ಗೆ ಮುಂಚೆನಾ, ಆಮೇಲಾ?”

“ಮುಂಚೆ...” ಎಂದ. ನಗು ಇನ್ನೂ ತುಟಿಯ ಮೇಲಿತ್ತು, ಕಣ್ಣಿನಿಂದ ಮಾತ್ರ ಇಳಿಯಿತು.

“ಮೆಷಿನ್ ಹೊತ್ಕೊಂಡು ಇಳಿದ್ಯಲ್ಲ. ಆಗ ಗೊತ್ತಿತ್ತಾ?”

“ಅದಕ್ಕೇ ಅಲ್ವಾ ದುಡ್ಡು ಕೊಟ್ಟಿದ್ದು? ನಾನೇನು ಬಡ್ಡಿ ಕೇಳಿದ್ನಾ?”

“ನನ್ನ ದುಡ್ಡಿಗೆ ನನ್ನ ಹತ್ರಾನೇ ಬಡ್ಡಿ ಕೇಳ್ತಿದ್ರಾ, ಸರ್?”

ಆ ‘ಸರ್’ ಅವನಿಗೆ ತಾಗಿತು. ಎದ್ದು ನಿಂತ. “ಇಷ್ಟು ಸಣ್ಣ ವಿಷಯನ ಎಲ್ಲಿಗೆ ತಗೊಂಡು ಹೋಗ್ತಿದೀಯ? ಮದುವೆ ಆದ್ಮೇಲೆ ನನ್ನದೆಲ್ಲ ನಿನ್ನದೇ ತಾನೆ?”

“ನಿಮ್ಮದು ನನ್ನದಾಗೋದು ಇರಲಿ. ನನ್ನದು ಯಾವಾಗ ನನ್ನದಾಗೋದು?”

“ನಿನ್ನ ನೋಡದೆ ಇರೋಕಾಗ್ತಿರ್ಲಿಲ್ಲ ಕಣೆ.” ಅದು ನಿಜವೇ. ಅವನು ಹೇಳಿದ್ದರಲ್ಲೆಲ್ಲ ಹೆಚ್ಚು ನಿಜವಾದದ್ದು ಅದೇ.

“ಸುಮ್ಮನೆ ಬಾ ಅಂದಿದ್ರೂ ಬರ್ತಿದ್ದೆ,” ಎಂದೆ.

ನಾನು ಮೇಜಿನ ಮೇಲಿನ ದುಡ್ಡನ್ನು ಎತ್ತಿ ಪರ್ಸಿಗೆ ಹಾಕಿಕೊಂಡೆ.

“ಯಜಮಾನ್ರಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?”

ಅವನು ಹೇಳಲಿಲ್ಲ. ನಾನೇ ಹೇಳಿದೆ. ಯಜಮಾನರು ಒಳ್ಳೆಯವರು, ಅಯ್ಯೋ ಅಯ್ಯೋ ಎಂದು ಲೊಚಗುಟ್ಟಿ ಆ ತಿಂಗಳಿನಿಂದಲೇ ಫಿಕ್ಸೆಡ್ ಮಾಡಿದರು. ಹಳೆಯ ಬಾಕಿ ಕೇಳಿದ್ದಕ್ಕೆ, “ಹಿಂದಿನದು ಹಿಂದಕ್ಕೇ ಹೋಯ್ತಲ್ಲಮ್ಮ,” ಎಂದು ಒಳ್ಳೆಯ ದನಿಯಲ್ಲೇ ಹೇಳಿದರು. ಮರುದಿನ ಆ ಬಾಕಿ ನನ್ನ ಖಾತೆಗೆ ಬಂತು. ಅವನೇ ತನ್ನ ಸಂಬಳದಿಂದ ಹಾಕಿದ್ದ. ಕಥೆಗಳಲ್ಲಾದರೆ ಹುಡುಗಿ ಅದನ್ನು ಅವನ ಮುಖಕ್ಕೆ ಎಸೆಯಬೇಕು. ನಾನು ಎಸೆಯಲಿಲ್ಲ. ಅದು ನನ್ನದು.

ಅಮ್ಮನ ಮೆಷಿನ್ ಹುಡುಕಿಕೊಂಡು ಹೋದೆ. ಕೊಂಡವನು ಅದನ್ನು ಬಿಚ್ಚಿ, ಬಿಡಿಭಾಗಗಳನ್ನು ಮಾರಿಕೊಂಡಿದ್ದ. ಹೊಸದೊಂದನ್ನು ತಂದೆ. ಅಮ್ಮ ಅದರ ಮೇಲೆ ಕೈಯಾಡಿಸಿ, ಒಂದು ಹೊಲಿಗೆ ಹಾಕಿ ನೋಡಿ, ನಿಲ್ಲಿಸಿದಳು.

“ಆ ಹುಡುಗ ಯಾಕೆ ಈಚೆಗೆ ಬರ್ತಿಲ್ಲ?”

ಹೇಳಿದೆ.

“ಅಷ್ಟೇನಾ?” ಎಂದಳು. “ನಿನ್ನ ನೋಡೋ ಆಸೆಗೆ ತಾನೆ ಮಾಡಿದ್ದು? ಕುಡಿದು ಕೆಡಿಸಿದ್ನಾ, ಇನ್ನೊಬ್ಬಳಿಗೆ ಕೊಟ್ನಾ? ಅಂಥೋರು ಮತ್ತೆ ಸಿಗ್ತಾರೇನೇ?” ಸ್ವಲ್ಪ ಹೊತ್ತು ಸೂಜಿಗೆ ದಾರ ಪೋಣಿಸುವ ಹಾಗೆ ಮಾಡಿದಳು. ದಾರ ಸೇರಲಿಲ್ಲ. “ಮೆಷಿನ್ ಇಳಿಸುವಾಗ ಹುಷಾರು ಹುಷಾರು ಅಂತಿದ್ದ,” ಎಂದಳು. ಆಮೇಲೆ ಅವನ ಮಾತೆತ್ತಲಿಲ್ಲ.

ಈಗ ನಾನು ಮೇಲ್ ಮಾಡುತ್ತೇನೆ. ಬಾಡಿಗೆ ನನ್ನದೇ. ಅವನು ನನ್ನ ಲೇಖನದಲ್ಲಿ ಒಂದಕ್ಷರವನ್ನೂ ಮುಟ್ಟುವುದಿಲ್ಲ. ಜಾಳಾದ ಸಾಲು ಜಾಳಾಗಿಯೇ ಅಚ್ಚಾಗುತ್ತದೆ. ಗುರುವಾರ ಬಂದರೆ ಕೈಗೆ ಕೆಲಸವಿರುವುದಿಲ್ಲ. ಅವನ ಚಹಾ ಕಪ್ಪು ಈಗ ಯಾವ ಕಡೆ ಜರುಗುತ್ತದೋ ಎಂದು ಯೋಚನೆ ಬರುತ್ತದೆ. ಬಂದರೆ ಬರಲಿ ಎಂದು ಬಿಡುತ್ತೇನೆ. ಅವನ ಮೇಲಿನ ಪ್ರೀತಿ ಹೋಗಿದೆ ಎಂದು ನಾನೆಲ್ಲೂ ಹೇಳಿಲ್ಲ.

ಈ ವಾರದ ಸಂಚಿಕೆ ಗುರುವಾರ ಬೆಳಿಗ್ಗೆ ಬಂತು. ‘ಅವನು ಸುಮ್ಮನೆ ಬಾಗಿಲ ಬಳಿ ನಿಂತಿದ್ದ’ ಎಂದು ಬರೆದಿದ್ದೆ. ‘ಅವನು ಬಾಗಿಲ ಬಳಿ ನಿಂತಿದ್ದ’ ಎಂದು ಅಚ್ಚಾಗಿತ್ತು. ಬೇರೆಲ್ಲವೂ ಇದ್ದದ್ದು ಇದ್ದ ಹಾಗೆ. ಆ ಒಂದೇ ಪದ ಹೋಗಿತ್ತು.

ಜಗಳಕ್ಕೆ ಕರೆಯುತ್ತಿದ್ದಾನೆ.

ನೀಲಿ ಅಂಗಿ ತೊಟ್ಟೆ. ತಲೆ ಬಾಚಿದೆ. ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದೆ. ಎದುರಿಗೆ ಅದೇ ಇಕ್ಕಟ್ಟಿನ ಮೆಟ್ಟಿಲು. ತಿರುವಿನ ಗೋಡೆಯಲ್ಲಿ ಮೆಷಿನ್ ತಾಗಿ ಎದ್ದ ಗಾರೆ ಹಾಗೆಯೇ ಇತ್ತು.

“ಎಲ್ಲಿಗೇ?” ಅಮ್ಮ ಒಳಗಿನಿಂದ ಕೇಳಿದಳು.

ಒಂದು ಪದ ಹೋದರೆ ಈಗ ನನಗೇನೂ ನಷ್ಟವಿಲ್ಲ. ಒಂದು ಹೋದರೂ ಅಷ್ಟೇ ದುಡ್ಡು, ನೂರು ಹೋದರೂ ಅಷ್ಟೇ. ಅಲ್ಲಿಗೆ ಹೋಗಿ ಏನೆಂದು ಜಗಳವಾಡಲಿ?

“ಎಲ್ಲೂ ಇಲ್ಲಮ್ಮ,” ಎಂದೆ.

ಚಪ್ಪಲಿ ಬಿಟ್ಟು ಒಳಗೆ ಬಂದು ಮುಂದಿನ ವಾರದ ಲೇಖನಕ್ಕೆ ಕುಳಿತೆ. ಅಮ್ಮನ ಹೊಸ ಮೆಷಿನ್ ಓಡುತ್ತಿತ್ತು. ಆ ಲೇಖನದಲ್ಲಿ ‘ಸುಮ್ಮನೆ’ ಎಂಬ ಪದವನ್ನು ನಾನು ಎಲ್ಲಿಯೂ ಬಳಸಲಿಲ್ಲ.