ಬೋರ್ಡಿನ ಇಸವಿ

"ಗುಜರಿಯವ್ರಾ? ನಾವು ಏನನ್ನೂ ಮಾರಲ್ಲ," ಎಂದು ಅವಳು ಬಾಗಿಲಲ್ಲೇ ತಡೆದಳು.

"ಗುಜರಿ ಅಲ್ಲ. ಹಳೇ ಬೋರ್ಡ್ ನೋಡಿ ಅದರ ಕಾಲ ಹೇಳೋನು. ನಿಮ್ಮ ತಂದೆ ಕರೆಸಿದ್ರು."

ನಾಲಿಗೆ ಕಚ್ಚಿಕೊಂಡು ನಕ್ಕಳು. ಆ ನಗುವಿಗೆ ಮನಸೋತೆ. ಕೆಟ್ಟದ್ದು ಅಲ್ಲೇ.

ಅವರದು ಮುಚ್ಚಿಹೋದ ಪೆಟ್ರೋಲ್ ಬಂಕ್. ಗೋಡೆಯ ಮೇಲೆ ಎಣ್ಣೆ ಕಂಪನಿಯೊಂದರ ಎನಾಮಲ್ ಬೋರ್ಡು. ಬಂಕ್ ತೆರೆದ ವರ್ಷ ತಮ್ಮ ಅಪ್ಪನೇ ಹಾಕಿಸಿದ್ದು ಎಂದು ಯಜಮಾನರ, ಅಂದರೆ ಅವಳ ತಂದೆಯ, ಹಟ. ಆ ಬೋರ್ಡು ಹೋಗಿ ಎಷ್ಟೋ ಕಾಲವಾಯ್ತು, ಇದು ಬೇರೆ ಎಂದು ಅವರ ತಮ್ಮನ ಹಟ. ಇಷ್ಟಕ್ಕೇ ಅಣ್ಣತಮ್ಮಂದಿರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಏಣಿ ಹತ್ತಿದೆ. ಅವಳು ಕೆಳಗೆ ಹಿಡಿದುಕೊಂಡಳು. ಅಂಚಿನ ತುಕ್ಕು ಒರೆಸಿದರೆ ತಯಾರಕರ ಹೆಸರು, ಪಕ್ಕದಲ್ಲಿ ಪುಟ್ಟದಾಗಿ ಇಸವಿ. ಬಂಕ್ ತೆರೆದ ವರ್ಷವೇ! ಸ್ಕ್ರೂ ತೂತುಗಳ ಸುತ್ತ ವಾಷರಿನ ಗುರುತೂ ಒಂದೇ. ಬೋರ್ಡನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ಐದು ನಿಮಿಷದ ಕೆಲಸ.

"ಏನಪ್ಪಾ, ಗೊತ್ತಾಯ್ತಾ?" ಯಜಮಾನರು ಕುರ್ಚಿಯಿಂದಲೇ ಕೂಗಿದರು.

ಅವಳು ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದಳು, ರೆಪ್ಪೆಯ ಮೇಲೆ ಬಿದ್ದ ತುಕ್ಕಿನ ಪುಡಿ ಒರೆಸಿಕೊಳ್ಳುತ್ತ.

"ಇನ್ನೂ ನೋಡ್ಬೇಕು ಸರ್. ಮುಂದಿನ ಭಾನುವಾರ ಬರ್ತೀನಿ."

ಹೀಗೆ ಏಳು ಭಾನುವಾರ ಹೋದೆ.

"ಬೋರ್ಡಿಗಿಂತ ನನ್ನನ್ನೇ ಜಾಸ್ತಿ ಪರೀಕ್ಷೆ ಮಾಡ್ತೀರಲ್ಲ," ಎಂದಳೊಮ್ಮೆ.

"ನಿಮ್ಮ ಇಸವಿ ಹೇಳ್ಲಾ?"

"ಹೇಳಿ ನೋಡಿ. ಏಣಿ ಬಿಟ್ಬಿಡ್ತೀನಿ."

ಯಜಮಾನರದು ಪ್ರತಿ ಸಲವೂ ಒಂದೇ ಮಾತು: "ಬೇಗ ನೋಡಪ್ಪಾ. ನನ್ನ ತಮ್ಮನಿಗೆ ನಾನೇ ಹೇಳ್ಬೇಕು."

ಎಂಟನೆಯ ಭಾನುವಾರಕ್ಕೆ ಅವರಿರಲಿಲ್ಲ. ಗುರುವಾರ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಹದಿನೈದು ದಿನ ಬಿಟ್ಟು ವರದಿ ತಂದುಕೊಟ್ಟೆ. ನಿಂತೇ ಓದಿದಳು.

"ಅಪ್ಪ ಹೇಳಿದ್ದೇ ನಿಜ," ಎಂದಳು. ಹಾಳೆ ಮಡಚುತ್ತ, "ನಿಮಗೆ ಯಾವತ್ತು ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಮೊದಲ ದಿನವೇ. ನಿಮ್ಮನ್ನ ನೋಡೋಕೆ ಒಂದು ನೆಪ ಬೇಕಿತ್ತು. ನನಗೆ ನೀವಂದ್ರೆ ಪ್ರಾಣ."

"ಸುಮ್ಮನೆ ಬಂದಿದ್ರೂ ಬಾಗಿಲು ತೆಗೀತಿದ್ನಲ್ಲ." ದನಿ ಏರಲಿಲ್ಲ. "ಆ ಗುರುವಾರ ಬೆಳಿಗ್ಗೆ ಅಪ್ಪ ಚಿಕ್ಕಪ್ಪನಿಗೆ ಅಂತ ಫೋನ್ ಎತ್ಕೊಂಡ್ರು. ಮತ್ತೆ ಇಟ್ಬಿಟ್ರು. 'ಭಾನುವಾರ ಆಗ್ಲಿ, ಗೊತ್ತು ಮಾಡ್ಕೊಂಡೇ ಮಾತಾಡ್ತೀನಿ' ಅಂದ್ರು."

ಅವಳ ಕೈ ಹಿಡಿದೆ. ಕೊಸರಲಿಲ್ಲ; ಗಟ್ಟಿಯಾಗಿಯೇ ಹಿಡಿದುಕೊಂಡಳು. ಆಮೇಲೆ ಒಂದೊಂದೇ ಬೆರಳು ಬಿಡಿಸಿದಳು.

"ನನಗೂ ನೀವು ಇಷ್ಟ. ಆದ್ರೂ ಮತ್ತೆ ಬರಬೇಡಿ. ನಿಮ್ಮ ಮುಖ ನೋಡಿದಾಗಲೆಲ್ಲ ಅಪ್ಪ ಫೋನ್ ಇಟ್ಟಿದ್ದೇ ಕಣ್ಣಿಗೆ ಕಟ್ಟುತ್ತೆ."

ಹೊರಗೆ ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಫೋನಿನ ಮಾತು ಕೇಳಿಸಿತು: "ಚಿಕ್ಕಪ್ಪಾ, ನಾನು..." ಮುಂದೆ ಬರೀ ಬಿಕ್ಕುವ ಸದ್ದು. ಓಡಿಹೋಗಿ ಅವಳ ಪಕ್ಕದಲ್ಲಿ ನಿಲ್ಲಬೇಕೆನಿಸಿತು. ಆ ಹಕ್ಕನ್ನು ನಾನೇ ಕಳೆದುಕೊಂಡಿದ್ದೆ.