ಕೆರಾಡಿ ಗದ್ದೆಯ ಟ್ಯೂಬ್‌ಲೈಟು

"ಮಾವಾ, ಎಂತ ಮಾಡಿಟ್ರಿ ನೀವ್?"

ವ್ಯಾನಿನಿಂದ ಇಳಿದ ಅನ್ವಿತಾಗೆ ಅಳು ಬರುವಷ್ಟು ಸಿಟ್ಟು ಬಂತು. ಕೆರಾಡಿಯ ಕೊಯ್ಲಾದ ಗದ್ದೆಯ ಸುತ್ತ ಬಿದಿರಿನ ಗಳ ನೆಟ್ಟು, ಪಂಪ್‌ಶೆಡ್ಡಿನಿಂದ ವಯರ್ ಎಳೆದು, ಅಣ್ಣಯ್ಯ ಮಾವ ಸಾಲು ಸಾಲು ಟ್ಯೂಬ್‌ಲೈಟ್ ಕಟ್ಟಿಸಿದ್ದರು. ಯಕ್ಷಗಾನ ಶುರುವಾಗುವುದೊಂದೇ ಬಾಕಿ!

"ಕತ್ತಲೆ ಜಾಗ ಅಂದ್ಯಲ್ಲೇ? ಕೂಲಿಂಗ್ ಗ್ಲಾಸ್ ತರ್ಬೇಕಿತ್ತ್!" ಎಂದು ಶೈಲೇಶ್ ಕಿಸಕ್ಕನೆ ನಕ್ಕ. ಉಳಿದ ಮಕ್ಕಳೂ ನಕ್ಕರು.

ಅವನು ನಗದೆ ಇರುತ್ತಾನೆಯೇ? ಸಾಲಿಗ್ರಾಮದ ಅವರ ಶಾಲೆಯ ಸೈನ್ಸ್ ಕ್ಲಬ್ಬಿಗೆ ನಕ್ಷತ್ರ ನೋಡಲು ಒಂದು ಖಾಯಂ ಜಾಗ ಬೇಕಿತ್ತು. ಅವನು ಹಂಗಾರಕಟ್ಟೆಯ ಹೊಳೆದಂಡೆ ಅಂದಿದ್ದ. ಅಲ್ಲಿ ದೋಣಿಗಳ ಲೈಟ್ ಇರುತ್ತದೆ, ನಮ್ಮ ಮಾವನ ಗದ್ದೆಯೇ ಬೆಸ್ಟ್ ಎಂದು ಅನ್ವಿತಾ ಕ್ಲಾಸಿನಲ್ಲಿ ಜಗಳವಾಡಿದ್ದಳು. ಇವತ್ತು ನೋಡಿಯೇ ತೀರ್ಮಾನ ಎಂದಿದ್ದರು ಚಂದ್ರ ಮಾಸ್ಟ್ರು.

ಮಾಸ್ಟ್ರು ತಲೆಯೆತ್ತಿ ಆಕಾಶ ನೋಡಿದರು. ಟೆಲಿಸ್ಕೋಪಿನ ಪೆಟ್ಟಿಗೆ ತೆರೆಯದೆ ಹಾಗೇ ಕೆಳಗಿಟ್ಟರು.

"ಪ್ಯಾಟಿ ಮಕ್ಳ್ ಬಪ್ಪುದ್, ಮಾಸ್ಟ್ರ್ ಬಪ್ಪುದ್. ಕತ್ಲಂಗ್ ಕೂರ್ಸುಕ್ ಆತ್ತಾ ಮಗಾ?" ಮಾವನ ಮುಖದಲ್ಲಿ ಇನ್ನೂ ನಗುವಿತ್ತು. "ಅಂಚಿನ್ ಮೇಲೆ ಹಾವ್ ಬೇರೆ."

"ನಿಮ್ಗೆಂತ ಗೊತ್ತಿತ್ತ್ ಮಾವಾ? ಕತ್ಲಿ ಬೇಕಂದೇ ಬಂದದ್ದ್ ನಾವ್! ಎಲ್ಲಾ ಹಾಳ್ ಮಾಡಿಟ್ರಿ!"

ಎಲ್ಲರೆದುರೇ ಕಿರುಚಿದಳು. ಮಾವನ ನಗು ಮಾಯವಾಯಿತು. ಪಂಪ್‌ಶೆಡ್ಡಿಗೆ ಹೋಗಿ ಸ್ವಿಚ್ ಆರಿಸಿದರು.

ಗವ್ವೆಂದು ಕತ್ತಲೆ ಕವಿಯಿತು. ಸ್ವಲ್ಪ ಹೊತ್ತು ಯಾರಿಗೂ ಏನೂ ಕಾಣಲಿಲ್ಲ. ಆಮೇಲೆ "ಅಬ್ಬಬ್ಬಾ!" ಎಂದವನು ಶೈಲೇಶನೇ. ಕೃತ್ತಿಕೆಯ ಗೊಂಚಲು, ಮಹಾವ್ಯಾಧ, ಅಲ್ಲಲ್ಲಿ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಲೆಕ್ಕವಿಲ್ಲದ ಚುಕ್ಕಿಗಳು.

"ಇದೇ ಜಾಗ. ಇನ್ನ್ ಬೇರೆ ಹುಡ್ಕುದ್ ಬ್ಯಾಡ," ಎಂದರು ಮಾಸ್ಟ್ರು.

ಗೆದ್ದರೂ ಅನ್ವಿತಾಳ ಸಿಟ್ಟು ಇಳಿಯಲಿಲ್ಲ. ಮೊದಲೇ ಒಂದು ಮಾತು ಕೇಳಿದ್ದರೆ ಮಾವನ ಗಂಟೇನು ಹೋಗುತ್ತಿತ್ತು?

ಟಕ್. ಟಕ್. ಗದ್ದೆಯ ಅಂಚಿನಲ್ಲಿ ಏನೋ ಸದ್ದು. ಅವಳು ಎದ್ದು ಹೋಗಿ ನೋಡಿದಳು. ಮಾವ! ಬರಿಗಾಲಲ್ಲಿ, ದೊಣ್ಣೆಯಿಂದ ನೆಲ ಬಡಿಯುತ್ತ, ಮಕ್ಕಳು ಕೂತ ಗದ್ದೆಗೆ ಸುತ್ತು ಬರುತ್ತಿದ್ದರು.

"ಟಾರ್ಚ್ ಇಲ್ಯಾ ಮಾವಾ?"

"ಬೆಳ್ಕ್ ಬಿಟ್ರೆ ನಿಮ್ಗ್ ಕಾಂಬುದಿಲ್ಲ ಅಲ್ದಾ? ನೀ ಹೋಯ್ ಕಾಣ್."

ಅನ್ವಿತಾ ನಕ್ಷತ್ರದ ಮ್ಯಾಪ್ ನೋಡಲೆಂದು ಕೆಂಪು ಕಾಗದ ಸುತ್ತಿ ತಂದಿದ್ದ ಟಾರ್ಚನ್ನು ತೆಗೆದು, ಮಾವನ ಪಾದದ ಮುಂದೆ ನೆಲಕ್ಕೆ ಹಿಡಿದಳು.

"ಅನ್ವಿತಾ, ನಿನ್ ಟರ್ನ್!" ಟೆಲಿಸ್ಕೋಪಿನ ಹತ್ತಿರದಿಂದ ಶೈಲೇಶ್ ಕೂಗಿದ.

"ನೀನೇ ಕಾಣ್. ನಾನ್ ಆಮೇಲ್ ಬತ್ತೆ," ಎಂದವಳು ಮಾವನ ಜೊತೆ ಅಂಚಿನ ಮೇಲೆ ನಡೆದಳು.