ತುಳಜವ್ವ ಕೊಂಡ ಮನೆ

ಕಾಗೆಗಳು ಇನ್ನೂ ಬೆಳ್ಳಗಿದ್ದ ಕಾಲದಲ್ಲಿ, ಏಳು ಹಳ್ಳ ದಾಟಿದರೆ ಸಿಗುತ್ತಿದ್ದ ಹೊನ್ನಗಡ್ಡೆ ಎಂಬ ರಾಜ್ಯದಲ್ಲಿ, ತುಳಜವ್ವ ಎಂಬ ಕೌದಿ ಹೊಲಿಯುವ ಹೆಂಗಸಿದ್ದಳು. ಹಳೆಯ ಸೀರೆ, ಹರಿದ ಧೋತರ, ಮಕ್ಕಳ ಅಂಗಿ, ಏನು ಕೊಟ್ಟರೂ ತುಂಡು ತುಂಡು ಜೋಡಿಸಿ ಬೆಚ್ಚನೆಯ ಕೌದಿ ಮಾಡುತ್ತಿದ್ದಳು. ಅವಳ ಹೊಲಿಗೆ ನೋಡಿದರೆ ಇರುವೆ ಸಾಲೂ ನಾಚಬೇಕು. ಇಂಥ ಕೈ ಇದ್ದರೂ ಅವಳಿಗೆ ಮನೆ ಇರಲಿಲ್ಲ. ಅವಳ ಕುಲದವರು ಊರೂರು ತಿರುಗುವವರು, ಗಿಡದ ಕೆಳಗೆ ಮಲಗುವವರು. ನಲವತ್ತು ವರ್ಷ ನೂರಾರು ಹೊಸ್ತಿಲ ಮುಂದೆ ನಿಂತು ಹೊಲಿದವಳನ್ನು ಒಬ್ಬರೂ ಒಳಗೆ ಕರೆದಿರಲಿಲ್ಲ.

ಅವಳ ಒಬ್ಬಳೇ ಮಗಳು ಅಂಬಿ. ಮನೆಮಠ ಇದ್ದವರಿಗೇ ಅವಳನ್ನು ಕೊಟ್ಟಿದ್ದಳು. ಅಂಬಿ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಆ ರಾಜ್ಯದ ಪದ್ಧತಿ. ನಿನ್ನ ತವರು ಯಾವ ಗಿಡದ ಕೆಳಗಿದೆ ಎಂದು ಅತ್ತೆ ಕೇಳಿದಳಂತೆ. ಆ ಮಾತು ತುಳಜವ್ವನ ಕಿವಿಗೆ ಬಿತ್ತು, ಎದೆಗೆ ನಾಟಿತು. ರಾಣಿಗೆ ಕೌದಿ ಹೊಲಿದಾಗ ಸಿಕ್ಕ ಬಂಗಾರದ ಸರ ಕೊಟ್ಟು ಅವಳು ಮನೆ ಕೊಂಡೇಬಿಟ್ಟಳು. ಶುಕ್ರವಾರ ಚಕ್ಕಡಿ ಕಟ್ಟಿಕೊಂಡು ಬಾ ಎಂದು ಮಗಳಿಗೆ ಹೇಳಿ ಕಳಿಸಿದಳು. ಅಂದು ಬುಧವಾರ.

ಮನೆ ಮಾರಿದವನು ಕುಟಿಲಾಕ್ಷನೆಂಬ ಮಾಂತ್ರಿಕ. ಊರ ಆಚೆಯ ಬಯಲಿನಲ್ಲಿ ಅವನ ನೂರು ಕಲ್ಲಿನ ಮನೆಗಳಿದ್ದವು. ಬೀಗದ ಕೈ ಹಿಡಿದು ತುಳಜವ್ವ ಹೊರಟಳು. ದಾರಿ ನೆಟ್ಟಗಿತ್ತು, ಬಾಗಿಲು ಎದುರಿಗೇ ಕಾಣುತ್ತಿತ್ತು. ಆದರೆ ನೂರು ಹೆಜ್ಜೆ ನಡೆದು ನೋಡಿದರೆ ಊರ ಅಗಸೆ ಬಾಗಿಲಲ್ಲೇ ನಿಂತಿದ್ದಳು! ಮತ್ತೆ ನಡೆದಳು, ಮತ್ತೆ ಅಗಸೆ. ಅಲ್ಲಿ ಗೋಡೆಯುದ್ದಕ್ಕೂ ಜನ ಕೂತಿದ್ದರು, ಎಲ್ಲರ ಕೈಯಲ್ಲೂ ಒಂದೊಂದು ಬೀಗದ ಕೈ. ಹಗ್ಗ ಹೊಸೆಯುವ ಸಿದ್ಲಿಂಗಜ್ಜ ಹನ್ನೆರಡು ವರ್ಷದಿಂದ ಕೂತಿದ್ದ. ಕೇಳಲು ಹೋದರೆ, ಮನೆ ಮಾರಿದ್ದೇನೆ, ದಾರಿ ಮಾರಿಲ್ಲ ಎಂದು ಕುಟಿಲಾಕ್ಷ ನಗುತ್ತಾನಂತೆ. ಕಾದು ಬೇಸತ್ತವರು ಎದ್ದು ಹೋದರೆ ಅದೇ ಮನೆಯನ್ನು ಇನ್ನೊಬ್ಬರಿಗೆ ಮಾರುತ್ತಾನಂತೆ.

"ನೆಟ್ಟಗ ಹೋದ್ರ ನೆಟ್ಟಗ ಹಿಂದಕ್ಕ ತಂದು ಬಿಡ್ತೈತಿ ತಂಗಿ, ಕುಂದ್ರು," ಎಂದ ಅಜ್ಜ.

ತುಳಜವ್ವ ಕೂತಳು. ಕೂತವಳ ಕೈ ಸುಮ್ಮನಿರುವುದಿಲ್ಲವಲ್ಲ, ಹುಟ್ಟಲಿರುವ ಕೂಸಿಗೆಂದು ಹೊಲಿಯುತ್ತಿದ್ದ ಕೌದಿ ತೆಗೆದಳು. ಕೌದಿಯನ್ನು ಯಾರೂ ನಡುವಿನಿಂದ ಹೊಲಿಯುವುದಿಲ್ಲ. ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಅವಸರ ಮಾಡಿ ನೆಟ್ಟಗೆ ನಡುವಿಗೆ ಹೋದರೆ ಬಟ್ಟೆ ಮುದುಡುತ್ತದೆ. ಅವಳ ಸೂಜಿ ಅಲ್ಲಿಗೇ ನಿಂತಿತು. ಎದ್ದು, ದಾರಿಯನ್ನು ಬಿಟ್ಟು, ಬಯಲಿನ ಅಂಚು ಹಿಡಿದು ಮನೆಯ ಸುತ್ತ ನಡೆದಳು. ಒಂದು ಸುತ್ತು, ಇನ್ನೊಂದು ಸುತ್ತು, ಒಳಗೊಳಗೆ, ಹೊಲಿಗೆ ಹಾಕಿದ ಹಾಗೆ. ಹೊತ್ತು ಮುಳುಗುವುದರೊಳಗೆ ಅಂಗಳಕ್ಕೆ ಕಾಲಿಟ್ಟಳು. ಹನ್ನೆರಡು ವರ್ಷ ಯಾರಿಗೂ ಹೊಳೆಯದ್ದು ಒಬ್ಬ ಕೌದಿಯವಳಿಗೆ ಒಂದೇ ದಿನದಲ್ಲಿ ಹೊಳೆಯಿತು.

ರಾತ್ರಿ ಅಂಗಳದಲ್ಲೇ ಮಲಗಿದಳು. ಗುರುವಾರ ಬೆಳಗಾದರೆ ಹೊಸ್ತಿಲ ಮುಂದೆ ಕಲ್ಲುಹುಲಿ. ಗೋಡೆಯ ಕಲ್ಲನ್ನೇ ಕಡೆದು ಕುಟಿಲಾಕ್ಷ ಅದಕ್ಕೆ ಜೀವ ಕೊಟ್ಟಿದ್ದ, ಮಾತೂ ಕೊಟ್ಟಿದ್ದ. "ಹೊರಗ ನಡಿ," ಎಂದು ಅದು ಗರ್ಜಿಸಿತು. ತುಳಜವ್ವ ಗಿಡದ ಕೆಳಗೆ ಮಲಗಿ ಬೆಳೆದವಳು, ಹುಲಿಯ ಗರ್ಜನೆ ಕೇಳಿದವಳು. ಇದು ಅಂಥದ್ದಲ್ಲ. ಹತ್ತಿರ ಹೋಗಿ ನೋಡಿದಳು, ಹುಲಿ ಗಡಗಡ ನಡುಗುತ್ತಿತ್ತು. ಮಾಂತ್ರಿಕ ಜೀವ ಕೊಟ್ಟಿದ್ದ, ಬಿಸುಪು ಕೊಟ್ಟಿರಲಿಲ್ಲ.

ಅವಳ ಬಳಿ ಇದ್ದದ್ದು ಒಂದೇ ಕೌದಿ, ಮೊಮ್ಮಗುವಿನದು. ಕೈ ಒಂದು ಗಳಿಗೆ ಹಿಂಜರಿಯಿತು. ಸುಳ್ಳೇಕೆ ಹೇಳಬೇಕು, ಯಾವ ಅಜ್ಜಿಯ ಕೈ ಹಿಂಜರಿಯುವುದಿಲ್ಲ? ಆಮೇಲೆ ಅದನ್ನು ಹುಲಿಗೆ ಹೊದಿಸಿ, ಪಕ್ಕದಲ್ಲೇ ಕೂತು ಬೆನ್ನು ಸವರಿದಳು. ನಡುಕ ನಿಂತಿತು. ಹುಟ್ಟಿದಾಗಿನಿಂದ ನಿದ್ದೆ ಕಾಣದ ಹುಲಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮರುದಿನ ಬೆಳಗಿನವರೆಗೆ ಮಲಗಿತು. ಕಾಲು ಜೋಮು ಹಿಡಿದರೂ ತುಳಜವ್ವ ಅಲುಗಲಿಲ್ಲ.

ಶುಕ್ರವಾರ ಬೀಗ ತೆಗೆದಳು. ಬೀಗ ಬಂತು, ಬಾಗಿಲು ಬರಲಿಲ್ಲ. ನೂಕಿದಳು, ಬೇಡಿಕೊಂಡಳು, ಹಣೆ ಹಚ್ಚಿ ಅತ್ತಳು. ಅದನ್ನು ನೋಡಿ ಹುಲಿ ಗುಟ್ಟು ಹೇಳಿತು. ಒಳಗಿನಿಂದ ಯಾರಾದರೂ ಕರೆದರೆ ಮಾತ್ರ ತೆರೆಯುವ ಬಾಗಿಲಂತೆ ಅದು. ಒಳಗೆ ಯಾರೂ ಇಲ್ಲ.

"ನೀ ಹೋಗಿ ಕರೀತಿಯೇನಪ್ಪ?" ಎಂದಳು ತುಳಜವ್ವ.

"ಹೋಗಬಲ್ಲೆ, ನಾನೂ ಈ ಗೋಡೀ ಕಲ್ಲ. ಆದ್ರ ಕರಿಯೂದು ಹೆಂಗಂತ ಗೊತ್ತಿಲ್ಲ. ಹೊರಗ ನಡಿ ಅನ್ನೂದೊಂದ ಕಲಿಸ್ಯಾನ ಅವಾ."

ನೋಡಿ, ಯಾರೂ ಕರೆಯದ ಹೆಂಗಸು ಕರೆಯುವುದನ್ನು ಕಲಿಸಬೇಕಾಯಿತು. ಆದರೆ ಅವಳಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ನಲವತ್ತು ವರ್ಷ ಹೊಸ್ತಿಲಾಚೆ ನಿಂತು, ಬೇರೆಯವರನ್ನು ಕರೆಯುವುದನ್ನು ಕಣ್ಣು ತುಂಬ ನೋಡಿದವಳು ಅವಳು.

"ಒಳಗ ಬಾ ಅನ್ನಬೇಕು. ಬಾಯಿಲೆ ಅಂದ್ರ ಸಾಲಂಗಿಲ್ಲ. ಅನಕೋತ ಒಂದು ಹೆಜ್ಜಿ ಹಿಂದ ಸರೀಬೇಕು, ಬರಾವ್ರಿಗೆ ಜಾಗ ಆಗೂಹಂಗ."

ಹುಲಿ ಕೌದಿಯನ್ನು ಅವಳ ಕೈಗೆ ಕೊಟ್ಟು, ನೀರಿಗೆ ಇಳಿದಂತೆ ಗೋಡೆಯೊಳಗೆ ಇಳಿಯಿತು. ಒಳಗಿನಿಂದ ಅಭ್ಯಾಸಬಲಕ್ಕೆ "ಹೊರಗ ನಡಿ" ಎಂದಿತು. ಬಾಗಿಲು ಮಿಸುಕಲಿಲ್ಲ. "ಒಳಗ ಬಾ" ಎಂದು ಗದರಿತು. ಬಾಗಿಲು ಒಂದು ಬೆರಳು ಸರಿಯಿತು. ಆಮೇಲೆ, ಹುಟ್ಟಿದಾಗಿನಿಂದ ಒಂದು ಹೆಜ್ಜೆಯೂ ಹಿಂದೆ ಇಡದ ಹುಲಿ, ಒಂದು ಹೆಜ್ಜೆ ಹಿಂದೆ ಸರಿದು ಮೆಲ್ಲಗೆ ಅಂದಿತು, "ಒಳಗ ಬಾರವ್ವ." ಬಾಗಿಲು ಹಾರು ಹೊಡೆದು ತೆರೆಯಿತು.

ತುಳಜವ್ವ ಮೊದಲು ಹುಲಿಗೆ ಕೌದಿ ಹೊದಿಸಿದಳು. ಆಮೇಲೆ ತನ್ನ ಮನೆ ನೋಡುತ್ತ ಕೂರಲಿಲ್ಲ, ಅದೇ ಅವಳ ದೊಡ್ಡತನ. ಅಗಸೆಗೆ ಓಡಿ ಬಂದು ಸಿದ್ಲಿಂಗಜ್ಜನ ಕೈ ಹಿಡಿದು, ಎಲ್ಲರನ್ನೂ ಸುತ್ತು ಹಾಕಿಸಿ ಕರೆತಂದಳು. ಯಾರೋ ಕಂಬಳಿ ಕೊಟ್ಟರು, ಯಾರೋ ಶಾಲು ಕೊಟ್ಟರು. ಮನೆಗೊಂದರಂತೆ ಕಾವಲಿದ್ದ ನೂರು ಹುಲಿಗಳಿಗೆ ನಡುಕ ಬಿಟ್ಟಿತು, ನೂರು ಬಾಗಿಲಲ್ಲಿ ಅದೇ ಮಾತು ಕೇಳಿಸಿತು. ಗದ್ದಲ ಕೇಳಿ ಕುಟಿಲಾಕ್ಷ ಗುಡ್ಡದ ಮೇಲಿನ ತನ್ನ ಅರಮನೆಯಿಂದ ಇಳಿದು ಬಂದ, ಮಂತ್ರ ಹೇಳಿದ, ಯಾವ ಹುಲಿಯೂ ಹೊರಳಿ ನೋಡಲಿಲ್ಲ. ಹೆದರಿ ಮನೆಗೆ ಓಡಿದ. ಕಳ್ಳರ ಭಯಕ್ಕೆ ತನ್ನ ಬಾಗಿಲಿಗೂ ಅವನು ಅದೇ ಮಂತ್ರ ಹಾಕಿಕೊಂಡಿದ್ದ. ದಿನಾ ಅವನನ್ನು ಒಳಗೆ ಕರೆಯುತ್ತಿದ್ದ ಅವನ ಸ್ವಂತ ಹುಲಿ ಅಷ್ಟರಲ್ಲಿ ಕಂಬಳಿ ಹುಡುಕಿಕೊಂಡು ಕೆಳಗೆ ಬಂದಿತ್ತು. ಅವನು ಇಂದಿಗೂ ಅಲ್ಲೇ ಬಾಗಿಲು ಬಡಿಯುತ್ತಿದ್ದಾನೆ. ಮಾಡಿದ್ದುಣ್ಣೋ ಮಹಾರಾಯ.

ಇಳಿಹೊತ್ತಿಗೆ, ಜನ ತೋರಿಸಿದಂತೆ ಬಯಲು ಸುತ್ತಿಕೊಂಡು ಚಕ್ಕಡಿ ಬಂತು. ಅಂಬಿ ಸೊಂಟ ಹಿಡಿದುಕೊಂಡು ಇಳಿದಳು. ಅಭ್ಯಾಸದಂತೆ ಹೊಸ್ತಿಲ ಹೊರಗೇ ನಿಂತು, "ಯವ್ವಾ, ಇದು ಯಾರ ಮನಿ?" ಎಂದಳು.

ತುಳಜವ್ವ ಹೊಸ್ತಿಲ ಒಳಗೆ ನಿಂತು ಉತ್ತರ ಕೊಟ್ಟಳು. ಅವಳ ಏಳು ತಲೆಮಾರಿನಲ್ಲಿ ಯಾರೂ ಯಾರಿಗೂ ಹೇಳದ ಮಾತು ಅದು.

"ಒಳಗ ಬಾ, ಮಗಳ," ಎಂದಳು, ಒಂದು ಹೆಜ್ಜೆ ಹಿಂದೆ ಸರಿದಳು.

ಮೂರನೆಯ ದಿನ ಹೆಣ್ಣು ಕೂಸು ಹುಟ್ಟಿತು. ಅದು ಕಲ್ಲುಹುಲಿಯ ಮಗ್ಗುಲಲ್ಲಿ, ಒಂದೇ ಕೌದಿಯಲ್ಲಿ ಬೆಳೆಯಿತು. ಅವರೆಲ್ಲ ಸುಖವಾಗಿದ್ದಾರೆ. ಆ ಓಣಿಯಲ್ಲಿ ಇಂದಿಗೂ ಯಾರನ್ನೂ ಹೊಸ್ತಿಲಾಚೆ ನಿಲ್ಲಿಸಿ ಮಾತಾಡಿಸುವುದಿಲ್ಲ.